ಪಿಯುಸಿ ಆದ್ಮೇಲೆ ಸೇನೆಗೆ: ಎನ್‌ಡಿಎ ಮೊದಲಾ, ಅಗ್ನಿವೀರ ಮೊದಲಾ?

ಮಗ ಸೇನೆಗೆ ಸೇರ್ತೀನಿ ಅಂದ ಕೂಡಲೇ ಮನೆಯಲ್ಲಿ ಎರಡು ಪಕ್ಷ ಆಗುತ್ತವೆ. "ಹೋಗೋದಾದ್ರೆ ಆಫೀಸರ್ ಆಗಿ ಹೋಗು, ಇಲ್ಲಾಂದ್ರೆ ಬೇಡ" ಅಂತ ಅಪ್ಪ. "ಕೈಗೆ ಸಿಗೋದನ್ನ ಮೊದಲು ಹಿಡಿ, ಆಮೇಲೆ ನೋಡ್ಕೊಂಡ್ರಾಯ್ತು" ಅಂತ ಮಾವ. ಇಬ್ಬರೂ ಅರ್ಧ ಸರಿ. ಇಬ್ಬರೂ ಹುಡುಗನ ಹುಟ್ಟಿದ ತಾರೀಕು ಮಾತ್ರ ಕೇಳಿರುವುದಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಅಧಿಕಾರಿಯಾಗುವ ಬಾಗಿಲು ಬೇಗ ಮುಚ್ಚುತ್ತದೆ, ಸೈನಿಕನಾಗುವ ಬಾಗಿಲು ಸ್ವಲ್ಪ ತಡವಾಗಿ ಮುಚ್ಚುತ್ತದೆ. ಹಾಗಾಗಿ "ಅದಾ ಇದಾ" ಅಂತ ಜಗಳ ಆಡುವ ಬದಲು "ಯಾವುದು ಮೊದಲು" ಅಂತ ಕೇಳಿಕೊಳ್ಳಬೇಕು. ಮನೆಗೆ ತಕ್ಷಣ ಸಂಬಳ ಬೇಕಾದ ಪರಿಸ್ಥಿತಿ ಇದ್ದರೆ ಲೆಕ್ಕ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 1: ಎರಡು ದಾರಿ ಏನು ಅಂತ ತಿಳಿದುಕೊಳ್ಳಿ

ಪಿಯುಸಿ ಆದ ಕೂಡಲೇ ಅಧಿಕಾರಿಯಾಗಲು ದೊಡ್ಡ ದಾರಿ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಲಿಖಿತ ಪರೀಕ್ಷೆ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ. ಪಾಸಾದವರಿಗೆ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿ) ಸಂದರ್ಶನ, ಆಮೇಲೆ ವೈದ್ಯಕೀಯ ತಪಾಸಣೆ. ಆಯ್ಕೆಯಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 3 ವರ್ಷ ತರಬೇತಿ. ಅದರ ಜೊತೆಗೇ ಜೆಎನ್‌ಯು ಪದವಿಯೂ ಸಿಗುತ್ತದೆ. ನಂತರ ಮುಂದಿನ ತರಬೇತಿಗೆ ಭೂಸೇನೆಯವರು ಡೆಹ್ರಾಡೂನಿನ ಐಎಂಎಗೆ (ಇಂಡಿಯನ್ ಮಿಲಿಟರಿ ಅಕಾಡೆಮಿ), ನೌಕಾಪಡೆಯವರು ಕೇರಳದ ಎಳಿಮಲಕ್ಕೆ, ವಾಯುಪಡೆಯವರು ಹೈದರಾಬಾದ್ ಹತ್ತಿರದ ದುಂಡಿಗಲ್‌ಗೆ ಹೋಗುತ್ತಾರೆ. ಇದಲ್ಲದೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿ ಜೆಇಇ ಮೇನ್ ಬರೆದ ಹುಡುಗರಿಗೆ ಭೂಸೇನೆಯ ಟಿಇಎಸ್ (ಟೆಕ್ನಿಕಲ್ ಎಂಟ್ರಿ ಸ್ಕೀಮ್) ಅಂತ ಇನ್ನೊಂದು ದಾರಿ ಇದೆ. ಅದಕ್ಕೆ ಯುಪಿಎಸ್‌ಸಿ ಪರೀಕ್ಷೆ ಇಲ್ಲ, ನೇರವಾಗಿ ಎಸ್‌ಎಸ್‌ಬಿ. ಪಿಸಿಎಂನಲ್ಲಿ ಶೇ 60 ಅಂಕ ಬೇಕು.

ಸೈನಿಕನಾಗಿ ಸೇರುವ ದಾರಿ ಈಗ ಅಗ್ನಿಪಥ. 2022ರ ಜೂನ್ 14ರಂದು ಘೋಷಣೆಯಾದ ಯೋಜನೆ ಇದು. ಇದರಲ್ಲಿ ಸೇರಿದವರೇ ಅಗ್ನಿವೀರರು. ಸೇವೆ 4 ವರ್ಷ. ಅದು ಮುಗಿದ ಮೇಲೆ ಒಂದು ತಂಡದಲ್ಲಿ ಹೆಚ್ಚೆಂದರೆ ಶೇ 25 ಜನರನ್ನು ಖಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ, ಉಳಿದವರು ಸೇವಾನಿಧಿ (ಸಂಬಳದಿಂದ ಕಡಿತವಾಗಿ ಕೂಡಿದ ನಿಧಿ) ಹಣ ತೆಗೆದುಕೊಂಡು ಹೊರಗೆ ಬರುತ್ತಾರೆ. "ಮಿಲ್ಟ್ರಿ ಕೆಲಸ ಅಂದ್ರೆ ಪೆನ್ಷನ್" ಅನ್ನೋ ಹಳೆಯ ಲೆಕ್ಕ ಈ 4 ವರ್ಷಕ್ಕೆ ಅನ್ವಯಿಸುವುದಿಲ್ಲ. ಪಿಂಚಣಿಯೂ ಇಲ್ಲ, ಗ್ರಾಚುಟಿಯೂ ಇಲ್ಲ. ಊರಲ್ಲಿ ನಿವೃತ್ತ ಹವಾಲ್ದಾರರೊಬ್ಬರು ತಮ್ಮ ಅನುಭವ ಹೇಳಿದರೆ ಗೌರವದಿಂದ ಕೇಳಿ. ಆದರೆ ಅವರು ಸೇರಿದ ಕಾಲದ ನಿಯಮಗಳು ಬೇರೆ.

ಹೆಜ್ಜೆ 2: ಹುಟ್ಟಿದ ತಾರೀಕು ಹಿಡಿದು ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಎನ್‌ಡಿಎ ವಯಸ್ಸು 16½ರಿಂದ 19½ ಅಂತ ಎಲ್ಲರಿಗೂ ಗೊತ್ತು. ಆದರೆ ಈ ವಯಸ್ಸನ್ನು ನೋಡುವುದು ಪರೀಕ್ಷೆಯ ದಿನಕ್ಕಲ್ಲ, ತರಬೇತಿ ಶುರುವಾಗುವ ಹೊತ್ತಿಗೆ. ಏಪ್ರಿಲ್ ಪರೀಕ್ಷೆ ಬರೆದವರ ತರಬೇತಿ ಮುಂದಿನ ಜನವರಿಯಲ್ಲಿ, ಸೆಪ್ಟೆಂಬರ್ ಪರೀಕ್ಷೆಯವರದು ಮುಂದಿನ ಜುಲೈನಲ್ಲಿ ಶುರುವಾಗುತ್ತದೆ. ಅಂದರೆ ಪರೀಕ್ಷಾ ಹಾಲ್‌ನಲ್ಲಿ ಕೂತಾಗ ನಿಮಗೆ 18 ವರ್ಷ 9 ತಿಂಗಳಿಗಿಂತ ಜಾಸ್ತಿ ಆಗಿರಬಾರದು.

ಒಂದು ಉದಾಹರಣೆ ನೋಡೋಣ. 2008ರ ಆಗಸ್ಟ್ 10ರಂದು ಹುಟ್ಟಿದ ಹುಡುಗ, 2026ರಲ್ಲಿ ದ್ವಿತೀಯ ಪಿಯುಸಿ ಮುಗಿಸುತ್ತಾನೆ ಅಂದುಕೊಳ್ಳಿ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವಾಗಲೇ ಎನ್‌ಡಿಎ ಬರೆಯಬಹುದು. ಪ್ರಥಮ ಪಿಯುಸಿಯವರು ಬರೆಯುವಂತಿಲ್ಲ. ಅವನಿಗೆ 2025ರ ಸೆಪ್ಟೆಂಬರ್, 2026ರ ಏಪ್ರಿಲ್, 2026ರ ಸೆಪ್ಟೆಂಬರ್, 2027ರ ಏಪ್ರಿಲ್ ಹೀಗೆ 4 ಅವಕಾಶ. 2027ರ ಸೆಪ್ಟೆಂಬರ್ ಪರೀಕ್ಷೆಯ ತರಬೇತಿ 2028ರ ಜುಲೈನಲ್ಲಿ. ಆಗ ಅವನಿಗೆ 19 ವರ್ಷ 10 ತಿಂಗಳು ಮೀರಿರುತ್ತದೆ. ಬಾಗಿಲು ಮುಚ್ಚಿತು.

ಅಗ್ನಿವೀರಕ್ಕೆ ಯೋಜನೆ ಘೋಷಿಸಿದಾಗ ಇಟ್ಟ ಮಿತಿ 17½ರಿಂದ 21. ಆಯಾ ವರ್ಷದ ಅಧಿಸೂಚನೆಯಲ್ಲಿ ಇದು ಬದಲಾಗಬಹುದು, ನೋಡಿಕೊಳ್ಳಿ. 21 ಅಂತಲೇ ಹಿಡಿದರೂ ಇದೇ ಹುಡುಗನಿಗೆ 2029ರ ಆಗಸ್ಟ್‌ವರೆಗೆ ಕಾಲ ಇದೆ. ಎನ್‌ಡಿಎ ಬಾಗಿಲು ಮುಚ್ಚಿದ ಮೇಲೂ ಅಗ್ನಿವೀರಕ್ಕೆ ಎರಡು ವರ್ಷ ಉಳಿಯುತ್ತದೆ. ಉಲ್ಟಾ ಮಾಡಿದರೆ ಹಾಗಿಲ್ಲ. ಮೊದಲು ಅಗ್ನಿವೀರನಾಗಿ ಹೋಗಿ 4 ವರ್ಷ ಮುಗಿಸಿ ಬಂದವನಿಗೆ ಎನ್‌ಡಿಎ ಸಿಗುವುದೇ ಇಲ್ಲ. ಒಂದು ಕಾಗದ ತೆಗೆದುಕೊಂಡು ನಿಮ್ಮ ತಾರೀಕಿನ ಮೇಲೆ ಇದೇ ಲೆಕ್ಕ ಹಾಕಿ. ಎಷ್ಟು ಅವಕಾಶ ಉಳಿದಿದೆ ಅಂತ ಗೊತ್ತಾದ ಮೇಲೆ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ.

ಹೆಜ್ಜೆ 3: ದುಡ್ಡಿನ ಮಾತು ಮುಚ್ಚಿಡಬೇಡಿ

ಅಗ್ನಿವೀರನ ಸಂಬಳ ಮೊದಲ ವರ್ಷ ತಿಂಗಳಿಗೆ ₹30,000, ಆಮೇಲೆ ₹33,000, ₹36,500, ₹40,000. ಇದರಲ್ಲಿ ಶೇ 30 ಸೇವಾನಿಧಿಗೆ ಹೋಗುತ್ತದೆ. ಹಾಗಾಗಿ ಕೈಗೆ ಬರುವುದು ಮೊದಲ ವರ್ಷ ₹21,000, ಕೊನೆಯ ವರ್ಷ ₹28,000. ನಾಲ್ಕು ವರ್ಷ ಕೂಡಿಸಿದರೆ ಸುಮಾರು ₹11.7 ಲಕ್ಷ. ಕಡಿತವಾದ ₹5.02 ಲಕ್ಷಕ್ಕೆ ಸರ್ಕಾರ ಅಷ್ಟೇ ಹಣ ಸೇರಿಸುತ್ತದೆ. ಬಡ್ಡಿಯೂ ಸೇರಿ ಕೊನೆಗೆ ಸುಮಾರು ₹11.71 ಲಕ್ಷ ಸಿಗುತ್ತದೆ ಅಂತ ಯೋಜನೆ ಘೋಷಿಸಿದಾಗ ಹೇಳಿದ್ದರು. ಇದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯ ಅವಧಿಗೆ ₹48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಕಂತು ಕಟ್ಟಬೇಕಿಲ್ಲ.

ಎನ್‌ಡಿಎ ಕೆಡೆಟ್‌ಗೆ ಖಡಕ್‌ವಾಸ್ಲಾದ ಮೂರು ವರ್ಷ ಸಂಬಳ ಇಲ್ಲ. ಊಟ, ವಸತಿ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಎಲ್ಲ ಸರ್ಕಾರದ್ದೇ. ಕೈಖರ್ಚಿಗೆ ತಿಂಗಳಿಗೆ ₹3,000ದಷ್ಟು ಮನೆಯಿಂದ ಕಳಿಸಬೇಕಾಗಬಹುದು. ಅದೂ ಕಷ್ಟ ಅನ್ನುವ ಕುಟುಂಬಗಳಿಗೆ ನೆರವು ಇದೆ. ನಾಲ್ಕನೇ ವರ್ಷ ಐಎಂಎಗೆ ಹೋದಾಗ ತಿಂಗಳಿಗೆ ₹56,100 ಸ್ಟೈಪೆಂಡ್ ಶುರು. ಲೆಫ್ಟಿನೆಂಟ್ ಆದ ಮೇಲೆ ಮೂಲವೇತನ ₹56,100, ಅದರ ಮೇಲೆ ₹15,500 ಮಿಲಿಟರಿ ಸರ್ವಿಸ್ ಪೇ, ತುಟ್ಟಿಭತ್ಯೆ, ಇನ್ನಿತರ ಭತ್ಯೆಗಳು.

ಇಲ್ಲಿ ಒಂದು ಮಾತು ಅಪ್ಪ ಅಮ್ಮನಿಗೆ. ಎನ್‌ಡಿಎ ಅಂದ್ರೆ ಖರ್ಚು ಅಂತ ಭಯ ಬೇಡ, ಇಂಜಿನಿಯರಿಂಗ್ ಸೀಟಿಗಿಂತ ಎಷ್ಟೋ ಪಾಲು ಕಡಿಮೆ. ಆದರೆ ಸೇರಿಸುವಾಗ ಪೋಷಕರು ಒಂದು ಬಾಂಡಿಗೆ ಸಹಿ ಹಾಕಬೇಕು. ಹುಡುಗ ಸುಮ್ನೆ ಮನಸ್ಸು ಬದಲಾಯಿಸಿ ಅರ್ಧಕ್ಕೆ ಬಿಟ್ಟು ಬಂದರೆ ತರಬೇತಿ ಖರ್ಚು ವಾಪಸ್ ಕಟ್ಟಬೇಕಾಗುತ್ತದೆ. ಸಹಿ ಹಾಕುವ ಮುಂಚೆ ಓದಿ.

ಮನೆಯಲ್ಲಿ ಸಾಲ ಇದೆ, ಅಪ್ಪನಿಗೆ ಆರೋಗ್ಯ ಸರಿಯಿಲ್ಲ, ತಂಗಿ ಓದಬೇಕು ಅನ್ನುವ ಸ್ಥಿತಿ ಇದ್ದರೆ ಅಗ್ನಿವೀರವೇ ಸರಿಯಾದ ಮೊದಲ ಹೆಜ್ಜೆ ಆಗಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹಾಗೆ ಹೋಗುವವರು ಡಿಗ್ರಿಯನ್ನು ಮಾತ್ರ ಬಿಡಬೇಡಿ. ಅಗ್ನಿವೀರರಿಗಾಗಿಯೇ ಇಗ್ನೋ ಮುಕ್ತ ವಿಶ್ವವಿದ್ಯಾಲಯ ಪದವಿ ಕೋರ್ಸ್‌ಗಳನ್ನು ಮಾಡಿದೆ. ಸೇವೆಯಲ್ಲಿ ಪಡೆದ ತರಬೇತಿಗೇ ಅರ್ಧದಷ್ಟು ಕ್ರೆಡಿಟ್ ಸಿಗುತ್ತದೆ. ಇದು ಯಾಕೆ ಮುಖ್ಯ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 4: ಕೆಲಸ ಯಾವ ಥರದ್ದು, ನಿಮಗೆ ಒಗ್ಗುತ್ತದಾ?

ಲೆಫ್ಟಿನೆಂಟ್ ಆಗಿ ಘಟಕಕ್ಕೆ ಬಂದ 22 ವರ್ಷದ ಹುಡುಗನ ಕೈಗೆ ಮೂವತ್ತರಷ್ಟು ಜನರ ಪ್ಲಟೂನ್ ಬರುತ್ತದೆ. ಅದರಲ್ಲಿ ಅವನಿಗಿಂತ ಹತ್ತಿಪ್ಪತ್ತು ವರ್ಷ ದೊಡ್ಡ ಸುಬೇದಾರ್ ಸಾಹೇಬರೂ ಇರುತ್ತಾರೆ. ಒಬ್ಬನಿಗೆ ಮನೆಯಲ್ಲಿ ಜಮೀನಿನ ವ್ಯಾಜ್ಯ, ಇನ್ನೊಬ್ಬನಿಗೆ ರಜೆ ಬೇಕು, ಮತ್ತೊಬ್ಬನ ಗನ್ ಲೆಕ್ಕ ತಪ್ಪಿದೆ. ಎಲ್ಲಕ್ಕೂ ಇವನೇ ಉತ್ತರ ಕೊಡಬೇಕು. ಕಾಗದಪತ್ರದ ಕೆಲಸವೂ ಬೇಕಾದಷ್ಟು ಇರುತ್ತದೆ, ಅದನ್ನು ಯಾರೂ ರೀಲ್ಸ್‌ನಲ್ಲಿ ತೋರಿಸುವುದಿಲ್ಲ.

ಸೈನಿಕನ ಕೆಲಸ ಕೈ ಹಚ್ಚಿ ಮಾಡುವಂಥದ್ದು. ಆಯುಧ, ವಾಹನ, ರೇಡಿಯೋ, ಸೇತುವೆ, ಪಹರೆ. ತನ್ನ ಕಸುಬಿನಲ್ಲಿ ಪಳಗುವುದೇ ಅಲ್ಲಿಯ ಹೆಮ್ಮೆ. ಬ್ಯಾರಕ್‌ನಲ್ಲಿ ದೇಶದ ಎಲ್ಲ ಕಡೆಯ ಹುಡುಗರ ಜೊತೆ ಬದುಕು. ಅಗ್ನಿವೀರನಿಗೆ ವರ್ಷಕ್ಕೆ 30 ದಿನ ರಜೆ. ಮೆಷಿನ್ ಬಿಚ್ಚಿ ಜೋಡಿಸುವುದರಲ್ಲಿ ಖುಷಿ ಕಾಣುವ ಹುಡುಗನಿಗೆ ಟೆಕ್ನಿಕಲ್ ವಿಭಾಗ ಹೇಳಿ ಮಾಡಿಸಿದಂತೆ ಇರುತ್ತದೆ. ನಾಲ್ಕು ಜನರನ್ನು ಸೇರಿಸಿ ಗಣೇಶೋತ್ಸವದ ಪೆಂಡಾಲ್ ಎಬ್ಬಿಸಿ, ಲೆಕ್ಕ ಒಪ್ಪಿಸಿ, ಜಗಳ ಬಿಡಿಸುವ ಹುಡುಗನೋ ಹುಡುಗಿಯೋ ಇದ್ದರೆ ಎಸ್‌ಎಸ್‌ಬಿಯಲ್ಲಿ ಹುಡುಕುವುದು ಆ ಗುಣವನ್ನೇ.

ಎತ್ತರದ ವಿಷಯದಲ್ಲಿ ಒಂದು ವಿಚಿತ್ರ ಇದೆ. ಕರ್ನಾಟಕದ ಹುಡುಗರಿಗೆ ಅಗ್ನಿವೀರ ಜನರಲ್ ಡ್ಯೂಟಿಗೆ (ಸಾಮಾನ್ಯ ಸೈನಿಕನ ಹುದ್ದೆ) 166 ಸೆಂ.ಮೀ. ಬೇಕು, ಕ್ಲರ್ಕ್ ಹುದ್ದೆಗೆ 162. ಎನ್‌ಡಿಎ ಮೂಲಕ ಭೂಸೇನೆಯ ಅಧಿಕಾರಿಯಾಗಲು 157 ಸಾಕು! 160 ಸೆಂ.ಮೀ. ಇರುವ ಹುಡುಗ "ನಾನು ಕುಳ್ಳ, ಮಿಲ್ಟ್ರಿ ನನಗಲ್ಲ" ಅಂತ ಕೂತಿರುತ್ತಾನೆ. ಅವನಿಗೆ ಮುಚ್ಚಿರುವುದು ಒಂದು ಬಾಗಿಲು ಅಷ್ಟೇ.

ಹೆಜ್ಜೆ 5: ಓದು ಯಾವುದಕ್ಕೆ ಸಾಲುತ್ತದೆ?

ಎನ್‌ಡಿಎ ಭೂಸೇನೆ ವಿಭಾಗಕ್ಕೆ ಕಲಾ, ವಾಣಿಜ್ಯ, ವಿಜ್ಞಾನ ಯಾವ ಪಿಯುಸಿಯಾದರೂ ಆಗುತ್ತದೆ. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆದರೆ ಗಣಿತ ಪತ್ರಿಕೆ ಎಲ್ಲರಿಗೂ ಕಡ್ಡಾಯ: 120 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. ಇನ್ನೊಂದು ಪತ್ರಿಕೆ 600 ಅಂಕದ್ದು, ಅದರಲ್ಲಿ ಇಂಗ್ಲಿಷ್ 200, ಸಾಮಾನ್ಯ ಜ್ಞಾನ ಮತ್ತು ವಿಜ್ಞಾನ 400. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಡಿತ. ಹಾಗಾಗಿ ಗಣಿತವಿಲ್ಲದ ಕಲಾ ವಿಭಾಗದವರು ಅರ್ಜಿ ಹಾಕಬಹುದು ಅನ್ನುವುದು ನಿಜ, ಗಣಿತವನ್ನು ಬೇರೆಯಾಗಿ ಕಲಿಯದೆ ಪಾಸಾಗುವುದು ಕಷ್ಟ ಅನ್ನುವುದೂ ನಿಜ. ಹತ್ತನೇ ಕ್ಲಾಸಿನ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಪಿಯುಸಿಗೆ ಗಣಿತ ಇರುವ ಕಾಂಬಿನೇಷನ್ ತೆಗೆದುಕೊಳ್ಳಿ.

900 ಅಂಕ ನೋಡಿ ಹೆದರಬೇಡಿ. ಇತ್ತೀಚಿನ ವರ್ಷಗಳಲ್ಲಿ ಲಿಖಿತ ಪರೀಕ್ಷೆಯ ಕಟಾಫ್ ಸುಮಾರು 290ರಿಂದ 360ರ ನಡುವೆ ನಿಂತಿದೆ, ಜೊತೆಗೆ ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಅಂಕ ಇರಬೇಕು. ಗಣಿತದಲ್ಲಿ ಗೊತ್ತಿರುವ 50 ಪ್ರಶ್ನೆಗಳನ್ನು ಸರಿಯಾಗಿ ಮಾಡಿ ಉಳಿದದ್ದನ್ನು ಮುಟ್ಟದೆ ಬಂದವನು, 100 ಪ್ರಶ್ನೆಗೆ ಬರೀ ಊಹೆ ಮೇಲೆ ಉತ್ತರ ಹಾಕಿದವನಿಗಿಂತ ಮುಂದೆ ಇರುತ್ತಾನೆ. ಸೀಟು ಪ್ರತಿ ಸಲ ಸುಮಾರು 400, ಅರ್ಜಿ ಹಾಕುವವರು ಲಕ್ಷಗಟ್ಟಲೆ. ಹಾಗಾಗಿ ಲಿಖಿತ ಪರೀಕ್ಷೆ ಸುಲಭ ಅಂತ ನಾನು ಹೇಳುತ್ತಿಲ್ಲ.

ಕನ್ನಡ ಮಾಧ್ಯಮದವರಿಗೆ ದೊಡ್ಡ ಅಡ್ಡಿ ಭಾಷೆ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಅಗ್ನಿವೀರರ ಆನ್‌ಲೈನ್ ಪರೀಕ್ಷೆಯನ್ನು 2025ರಿಂದ ಕನ್ನಡದಲ್ಲೂ ಬರೆಯಬಹುದು. ಇಂಗ್ಲಿಷ್ ಕಲಿಯಲು ಕೋಚಿಂಗ್ ಬೇಡ, ದಿನಾ ಒಂದು ಇಂಗ್ಲಿಷ್ ಪತ್ರಿಕೆ, ಒಬ್ಬ ಗೆಳೆಯನ ಜೊತೆ ಅರ್ಧ ಗಂಟೆ ಮಾತು. ಪ್ರಥಮ ಪಿಯುಸಿಯಲ್ಲೇ ಶುರು ಮಾಡಿದರೆ ಎಸ್‌ಎಸ್‌ಬಿ ಹೊತ್ತಿಗೆ ನಾಲಿಗೆ ಹೊರಳುತ್ತದೆ.

ಅಗ್ನಿವೀರ ಜನರಲ್ ಡ್ಯೂಟಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಸಾಕು. ಕ್ಲರ್ಕ್‌ಗೆ ಪಿಯುಸಿಯಲ್ಲಿ ಶೇ 60. ಟೆಕ್ನಿಕಲ್‌ಗೆ ವಿಜ್ಞಾನದ ಪಿಯುಸಿ, ಅಥವಾ ಎಸ್‌ಎಸ್‌ಎಲ್‌ಸಿ ಜೊತೆ ಐಟಿಐ ಇಲ್ಲವೇ ಡಿಪ್ಲೊಮಾ. ಪಿಯುಸಿ ಪಾಸಾದವರು ಜನರಲ್ ಡ್ಯೂಟಿಗೇ ಮುಗಿಬೀಳುತ್ತಾರೆ. ಅಂಕ ಇದ್ದರೆ ಟೆಕ್ನಿಕಲ್ ನೋಡಿ. ನಾಲ್ಕು ವರ್ಷದ ನಂತರ ಹೊರಗೆ ಬಂದರೂ ಕೈಯಲ್ಲಿ ಒಂದು ಕಸುಬು ಇರುತ್ತದೆ.

ಹೆಜ್ಜೆ 6: ಮೈಯನ್ನು ಎರಡಕ್ಕೂ ಒಟ್ಟಿಗೇ ತಯಾರು ಮಾಡಿ

ಅಗ್ನಿವೀರ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ ಇರುತ್ತದೆ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. 10 ಪುಲ್‌ಅಪ್ ಹೊಡೆದರೆ 40 ಅಂಕ. ಜೊತೆಗೆ 9 ಅಡಿ ಹಳ್ಳ ಹಾರಬೇಕು, ಅಂಕುಡೊಂಕು ಬೀಮ್ ಮೇಲೆ ನಡೆಯಬೇಕು. ನಿಮ್ಮ ಶಾಲೆ ಮೈದಾನ ಒಂದು ಸುತ್ತಿಗೆ 200 ಮೀಟರ್ ಇದ್ದರೆ 8 ಸುತ್ತು, ಪ್ರತಿ ಸುತ್ತು 41 ಸೆಕೆಂಡ್. ಮೊದಲ ಸುತ್ತನ್ನು 33 ಸೆಕೆಂಡಿಗೆ ಓಡಿ ಆರನೆಯದರಲ್ಲಿ ಸೊಂಟ ಹಿಡಿದು ನಿಲ್ಲುವ ಹುಡುಗರನ್ನು ಯಾವ ಮೈದಾನದಲ್ಲಾದರೂ ನೋಡಬಹುದು. ಸ್ಟಾಪ್‌ವಾಚ್ ಹಿಡಿಯಲು ತಮ್ಮನನ್ನೋ ತಂಗಿಯನ್ನೋ ನಿಲ್ಲಿಸಿ, ಪ್ರತಿ ಸುತ್ತಿಗೂ ಕೂಗಿ ಹೇಳಲಿ. ಡಾಂಬರು ರಸ್ತೆ ಮೇಲೆ ದಿನಾ ಓಡಬೇಡಿ, ಮೊಣಕಾಲಿನ ಕೆಳಗೆ ನೋವು ಬರುತ್ತದೆ.

ಎನ್‌ಡಿಎ ಆಯ್ಕೆಯಲ್ಲಿ ಓಟಕ್ಕೆ ಅಂಕ ಇಲ್ಲ. ಆದರೆ ಅಲ್ಲಿ ಸೇರಿದ ಮೊದಲ ವಾರವೇ ಮೈ ಬೇಕು.

ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಬಣ್ಣ ಗುರುತಿಸುವ ದೃಷ್ಟಿ, ಮೊಣಕಾಲು ಒಂದಕ್ಕೊಂದು ತಾಗುತ್ತದಾ, ಪಾದ ಚಪ್ಪಟೆಯಾ, ಕಿವಿ, ಹಲ್ಲು ಎಲ್ಲ ನೋಡಿಸಿ. ಎರಡು ವರ್ಷ ಓದಿ, ಎಸ್‌ಎಸ್‌ಬಿ ದಾಟಿ, ಕೊನೆಗೆ ಬಣ್ಣಗುರುಡು ಅಂತ ವಾಪಸ್ ಬರುವುದು ಬೇಡ, ಅಲ್ವಾ? ಹಚ್ಚೆಯ ಬಗ್ಗೆಯೂ ನಿಯಮ ಇದೆ, ಜಾತ್ರೆಯಲ್ಲಿ ಸುಮ್ನೆ ಹಾಕಿಸಿಕೊಳ್ಳಬೇಡಿ.

ಹೆಜ್ಜೆ 7: ಎಸ್‌ಎಸ್‌ಬಿ ಅಂದರೆ ಏನು

ಇದಕ್ಕೂ 900 ಅಂಕ. ಐದು ದಿನ ಅಲ್ಲೇ ಉಳಿಯಬೇಕು. ಭೂಸೇನೆಯ ಒಂದು ಆಯ್ಕೆ ಕೇಂದ್ರ ಬೆಂಗಳೂರಿನಲ್ಲೇ ಇದೆ, ವಾಯುಪಡೆಯದ್ದು ಮೈಸೂರಿನಲ್ಲಿ. ಮೊದಲ ಸಲ ಹೋಗುವವರಿಗೆ ರೈಲು ಖರ್ಚು ವಾಪಸ್ ಕೊಡುತ್ತಾರೆ.

ಮೊದಲ ದಿನ ಬುದ್ಧಿಶಕ್ತಿ ಪರೀಕ್ಷೆ, ಆಮೇಲೆ ಒಂದು ಮಸುಕು ಚಿತ್ರ. ಅದನ್ನು 30 ಸೆಕೆಂಡ್ ತೋರಿಸುತ್ತಾರೆ, ನೀವು ಕಥೆ ಬರೆಯಬೇಕು. ನಂತರ ಗುಂಪಿನಲ್ಲಿ ಕೂತು ಎಲ್ಲರೂ ಸೇರಿ ಒಂದೇ ಕಥೆ ಮಾಡಬೇಕು. ಬಂದವರಲ್ಲಿ ಬಹಳ ಜನ ಅವತ್ತೇ ಬ್ಯಾಗ್ ಎತ್ತಿಕೊಂಡು ಹೋಗುತ್ತಾರೆ. ಚಿತ್ರದಲ್ಲಿ ಒಂದು ವಾಹನ, ಪಕ್ಕದಲ್ಲಿ ಮೂರು ಜನ ಅಂದುಕೊಳ್ಳಿ. ಒಬ್ಬ "ಭೀಕರ ಅಪಘಾತ, ನಾಯಕ ಒಬ್ಬನೇ ಎಲ್ಲರನ್ನೂ ಕಾಪಾಡಿದ, ರಾಷ್ಟ್ರಪತಿ ಪದಕ ಬಂತು" ಅಂತ ಬರೆಯುತ್ತಾನೆ. ಇನ್ನೊಬ್ಬ "ಕಬ್ಬಿನ ಟ್ರ್ಯಾಕ್ಟರ್ ಕೆಸರಲ್ಲಿ ಹೂತಿತ್ತು. ಅರ್ಧ ಲೋಡು ಇಳಿಸಿ, ಚಕ್ರದ ಕೆಳಗೆ ಕಲ್ಲು ಕೊಟ್ಟು, ಪಕ್ಕದ ಹೊಲದವರನ್ನು ಕರೆದು ಎಳೆಸಿದ, ಸಂಜೆಯೊಳಗೆ ಕಾರ್ಖಾನೆ ತಲುಪಿಸಿದ" ಅಂತ ಬರೆಯುತ್ತಾನೆ. ಎರಡನೆಯವನು ನಿಜವಾಗಿ ಯೋಚನೆ ಮಾಡುವವನು ಅಂತ ಓದಿದವರಿಗೆ ಗೊತ್ತಾಗುತ್ತದೆ.

ಮುಂದಿನ ದಿನಗಳಲ್ಲಿ 15 ಸೆಕೆಂಡಿಗೆ ಒಂದರಂತೆ 60 ಪದಗಳಿಗೆ ವಾಕ್ಯ, 30 ನಿಮಿಷದಲ್ಲಿ 60 ಸನ್ನಿವೇಶಗಳಿಗೆ ಉತ್ತರ, ಮೈದಾನದಲ್ಲಿ ಹಲಗೆ ಹಗ್ಗ ಹಿಡಿದು ಗುಂಪಾಗಿ ಅಡೆತಡೆ ದಾಟುವುದು, ಒಬ್ಬ ಅಧಿಕಾರಿ ಜೊತೆ ಉದ್ದದ ಸಂದರ್ಶನ. ಕಂಠಪಾಠ ಮಾಡಿದ ಉತ್ತರ ಈ ವೇಗದಲ್ಲಿ ನಿಲ್ಲುವುದಿಲ್ಲ. ನಿಮ್ಮ ಊರು, ನಿಮ್ಮ ಜಿಲ್ಲೆ, ಅಪ್ಪನ ಕೆಲಸ, ಈ ವಾರದ ಸುದ್ದಿ ನೆಟ್ಟಗೆ ಗೊತ್ತಿರಲಿ. ಪೈಲಟ್ ಆಗಬೇಕು ಅನ್ನುವವರು ಗಮನಿಸಿ: ವಾಯುಪಡೆಯ ಪೈಲಟ್ ಯೋಗ್ಯತಾ ಪರೀಕ್ಷೆ ಜೀವನದಲ್ಲಿ ಒಂದೇ ಸಲ.

ಹೆಜ್ಜೆ 8: ಕಾಗದಪತ್ರ

ನಮ್ಮಲ್ಲಿ ಇನಿಷಿಯಲ್ ಒಂದು ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಬಿ", ಆಧಾರ್‌ನಲ್ಲಿ "ಮಂಜುನಾಥ ಬಸಪ್ಪ", ಪಿಯುಸಿಯಲ್ಲಿ ಇನ್ನೊಂದು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಇರಬೇಕು, ಅಪ್ಪ ಅಮ್ಮನ ಹೆಸರೂ ಸೇರಿ. ಆಧಾರ್ ತಿದ್ದುಪಡಿ ಈಗಲೇ ಮಾಡಿಸಿ. ವಾಸಸ್ಥಳ, ಜಾತಿ ಪ್ರಮಾಣಪತ್ರಗಳಿಗೆ ನಾಡಕಚೇರಿಗೆ ಅರ್ಜಿ ಹಾಕಿಡಿ. ರ‍್ಯಾಲಿಗೆ ನಡತೆ ಪ್ರಮಾಣಪತ್ರ, ಅವಿವಾಹಿತ ಪ್ರಮಾಣಪತ್ರವೂ ಬೇಕು. ಎನ್‌ಸಿಸಿ ಪ್ರಮಾಣಪತ್ರಕ್ಕೆ ಹೆಚ್ಚುವರಿ ಅಂಕ ಇದೆ.

"ನಂಗೆ ಒಳಗೆ ಪರಿಚಯ ಇದೆ" ಅನ್ನುವ ಏಜೆಂಟರಿಗೆ ಒಂದು ರೂಪಾಯಿ ಕೊಡಬೇಡಿ. ಎನ್‌ಡಿಎ ಅರ್ಜಿ ಶುಲ್ಕ ₹100, ಹುಡುಗಿಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಅದೂ ಇಲ್ಲ.

ಹುಡುಗಿಯರಿಗೆ

2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್‌ಡಿಎ ಹುಡುಗಿಯರಿಗೂ ತೆರೆಯಿತು. 2025ರ ಮೇ 30ರಂದು 17 ಹುಡುಗಿಯರ ಮೊದಲ ತಂಡ ಅಲ್ಲಿಂದ ಹೊರಬಂತು. ಸೀಟು ಇನ್ನೂ ಕಡಿಮೆ ಇವೆ. ಭೂಸೇನೆಯಲ್ಲಿ ಅಗ್ನಿವೀರರಾಗಿ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಸೇರಬಹುದು, ತರಬೇತಿ ಬೆಂಗಳೂರಿನಲ್ಲೇ. ನೌಕಾಪಡೆ, ವಾಯುಪಡೆಯಲ್ಲೂ ಅಗ್ನಿವೀರರಾಗಲು ಅವಕಾಶ ಇದೆ.

ಎನ್‌ಡಿಎ ಆಗಲಿಲ್ಲ ಅಂದರೆ

ಡಿಗ್ರಿ ಮುಗಿಸಿ ಯುಪಿಎಸ್‌ಸಿಯ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ ಬರೆಯಬಹುದು. ಐಎಂಎಗೆ 24, ಚೆನ್ನೈನ ಒಟಿಎಗೆ (ಅಧಿಕಾರಿಗಳ ತರಬೇತಿ ಅಕಾಡೆಮಿ) 25 ವರ್ಷದವರೆಗೆ ಅವಕಾಶ. ಕಾಲೇಜಿನಲ್ಲಿ ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಪಡೆದವರಿಗೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗುವ ದಾರಿಯೂ ಇದೆ. ಖಾಯಂ ಸೈನಿಕರಾದವರಿಗೆ ಒಳಗಿಂದಲೇ ಆರ್ಮಿ ಕೆಡೆಟ್ ಕಾಲೇಜ್ ಮೂಲಕ ಅಧಿಕಾರಿಯಾಗುವ ಅವಕಾಶ ಇದೆ: ಡೆಹ್ರಾಡೂನಿನಲ್ಲಿ 3 ವರ್ಷ ಓದು, ಆಮೇಲೆ ಐಎಂಎ.

18ಕ್ಕೆ ಅಗ್ನಿವೀರನಾಗಿ ಸೇರಿದವನು 22ಕ್ಕೆ ಹೊರಬಂದಾಗ ಖಾಯಂ ಆಗದಿದ್ದರೂ ಕೈಯಲ್ಲಿ ಡಿಗ್ರಿ ಇದ್ದರೆ ಸಿಡಿಎಸ್‌ಗೆ ಇನ್ನೂ ಎರಡು ವರ್ಷ ಉಳಿದಿರುತ್ತದೆ. ಡಿಗ್ರಿ ಇಲ್ಲದಿದ್ದರೆ ಆ ಎರಡು ವರ್ಷ ಇದ್ದೂ ಪ್ರಯೋಜನ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಶೇ 10 ಮೀಸಲಾತಿ ಘೋಷಣೆಯಾಗಿತ್ತು, ವಯಸ್ಸಿನಲ್ಲೂ ಸಡಿಲಿಕೆ ಇದೆ. ಸೇವಾನಿಧಿ ಬಂದ ತಿಂಗಳೇ ಅಷ್ಟನ್ನೂ ಕಾರಿಗೋ ಬೈಕಿಗೋ ಸುರಿಯಬೇಡಿ. ಒಂದೆರಡು ವರ್ಷ ಪರೀಕ್ಷೆಗಳಿಗೆ ಓದುತ್ತಾ ಮನೆಯಲ್ಲಿ ಕೂರಲು ಆ ಹಣವೇ ಆಧಾರ.